ಯಾರೂ ಬಿಡದ ನೀರು

ನಾನು ಹುಟ್ಟಿ ಬೆಳೆದದ್ದು ಕಿರಂಗೂರಿನಲ್ಲಿ. ಬಟ್ಟೆಗಂಟು ತಲೆಯ ಮೇಲೆ ಹೊತ್ತು ಹೊಳೆಗೆ ನಡೆದು ಹೋಗಿ ಬರುತ್ತಿದ್ದ ಕಾಲ. ಈಗ ನನಗೆ ಐವತ್ತು ದಾಟಿದೆ. ಇಷ್ಟು ವರ್ಷದಲ್ಲಿ ನಾನು ನೀರಿಗೆ ಇಳಿದಿರುವುದು ಮೊಣಕಾಲಿನವರೆಗೆ ಮಾತ್ರ, ಅದೂ ಬಟ್ಟೆ ಒಗೆಯಲು. ಅಣ್ಣನೂ ತಮ್ಮನೂ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತರು. ನನ್ನನ್ನು ಬಿಡಲಿಲ್ಲ. ಹೆಣ್ಣುಮಕ್ಕಳನ್ನು ನೀರಿಗೆ ಬಿಟ್ಟರೆ ಏನಾಗುತ್ತದೆ ಎಂದು ಯಾರೂ ಹೇಳಲೂ ಇಲ್ಲ. ಬೆಲ್ಲದ ಹಾಗೆ ಕರಗಿಹೋಗುತ್ತೇವೆ ಎಂದುಕೊಂಡಿದ್ದರೋ ಏನೋ. ಆಮೇಲೆ ನನ್ನನ್ನು ನಾಗಮಂಗಲಕ್ಕೆ ಕೊಟ್ಟು ಆ ಚಿಂತೆಯನ್ನೂ ಕಳೆದುಕೊಂಡರು. ನಾಗಮಂಗಲದಲ್ಲಿ ಮುಳುಗಬೇಕು ಅಂದರೆ ಮೊದಲು ಟ್ಯಾಂಕರಿಗೆ ಫೋನ್ ಮಾಡಬೇಕು.

ಅಣ್ಣನ ಮಗಳ ಮದುವೆಯ ಬೀಗರೂಟದ ದಿನ ನಾನೊಂದು ತಪ್ಪು ಮಾಡಿದೆ. ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದೆ. ನನ್ನದೇ ವಯಸ್ಸಿನ ಹೆಂಗಸರು ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು, ತಲೆಗೆ ಹೆಲ್ಮೆಟ್ಟು ಏರಿಸಿಕೊಂಡು, ರಬ್ಬರಿನ ದೋಣಿಯಲ್ಲಿ ಬಂಡೆಗಳ ನಡುವೆ ನೊರೆ ನೀರಿನಲ್ಲಿ ಧುಮುಕುತ್ತಾ ಕಿರುಚುತ್ತಿದ್ದರು. ಅದನ್ನು ಎಲ್ಲರಿಗೂ ತೋರಿಸಿ, ನನಗೂ ಹೀಗೆ ಒಂದು ಸಲ ಹೋಗಬೇಕು ಅಂದುಬಿಟ್ಟೆ. ಮಾಂಸದೂಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಕೂತ ನಮ್ಮ ಗಂಡಸರ ಮುಂದೆ ಯಾವ ಆಸೆಯನ್ನೂ ಹೇಳಬಾರದು. ಅವರು ಅದನ್ನು ಬೇಡ ಅನ್ನುವುದಿಲ್ಲ, ಅದಕ್ಕೊಂದು ಕಮಿಟಿ ಮಾಡುತ್ತಾರೆ.

ಕಮಿಟಿಯಲ್ಲಿ ನಾಲ್ಕು ಜನ. ಕಿರಂಗೂರಿನ ಮನೆಯಲ್ಲೇ ಇದ್ದು ಭತ್ತ, ಕಬ್ಬು ಬೆಳೆಯುವ ಅಣ್ಣ ಅಧ್ಯಕ್ಷ. ಚುನಾವಣೆ ಏನೂ ನಡೆಯಲಿಲ್ಲ. ಕೆ.ಆರ್. ಪೇಟೆಯಲ್ಲಿ ಸಿಮೆಂಟು ಅಂಗಡಿ ಇಟ್ಟಿರುವ ತಮ್ಮ ಕಾರ್ಯದರ್ಶಿ. ಪಾಂಡವಪುರದ ಭಾವ, ಅಂದರೆ ಅಕ್ಕನ ಗಂಡ, ನಿವೃತ್ತ ಮೇಷ್ಟರಾದ್ದರಿಂದ ಸಲಹೆಗಾರರು. ನಾಲ್ಕನೆಯವರು ನನ್ನ ಯಜಮಾನರು, ನಾಗಮಂಗಲದಲ್ಲಿ ಗುಮಾಸ್ತರು, ಮೂವರೂ ಹೇಳಿದ್ದಕ್ಕೆ ಹೂಂ ಅನ್ನುವ ಸದಸ್ಯರು. ನಾಲ್ವರದೂ ಒಂದೇ ಮಾತು, ಹೊಳೆ ಹುಡುಕಿಕೊಂಡು ದೂರ ಯಾಕೆ ಹೋಗಬೇಕು, ನಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ. ಆದರೆ ಒಬ್ಬೊಬ್ಬರ ತಾಲ್ಲೂಕು ಒಂದೊಂದು. ಹಾಗಾಗಿ ಸ್ಥಳ ಪರಿಶೀಲನೆ ಶುರುವಾಯಿತು.

ಮೊದಲು ಶ್ರೀರಂಗಪಟ್ಟಣ. ಒಂದು ಭಾನುವಾರ ಬೆಳಗ್ಗೆ ಅಣ್ಣ ನಮ್ಮನ್ನೆಲ್ಲ ಸಂಗಮಕ್ಕೆ ಕರೆದುಕೊಂಡು ಹೋದ. ನಾಲ್ವರೂ ಬಿಳಿ ಪಂಚೆ, ಬಿಳಿ ಅಂಗಿ. ದಡದಲ್ಲಿ ಸಾಲಾಗಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಮಾತಿಲ್ಲದೆ ನೀರನ್ನು ನೋಡಿದರು. ಬೂದಿ ಬಿಡಲು ಬರುವ ಇಂಥವರನ್ನು ದಿನವೂ ನೋಡುವ ಪುರೋಹಿತರೊಬ್ಬರು ಮೆಲ್ಲಗೆ ಹತ್ತಿರ ಬಂದು, ಬಹಳ ಮರ್ಯಾದೆಯಿಂದ, ಹೋದವರು ಯಾರು ಎಂದು ಅಣ್ಣನನ್ನು ಕೇಳಿದರು. ಅಣ್ಣ ಎಂದೂ ಸುಳ್ಳು ಹೇಳುವವನಲ್ಲ.

"ಇನ್ನೂ ಓಗಿಲ್ಲ ಸ್ವಾಮಿ," ಅಂದ, ನನ್ನ ಕಡೆ ಕೈ ತೋರಿಸಿ. "ಓಗೋಳು ಇವ್ಳೇ."

ಪುರೋಹಿತರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ನಾನೂ ಯಜಮಾನರೂ ನಕ್ಕು ನಕ್ಕು ಸುಸ್ತಾದೆವು. ಅಣ್ಣ ಮಾತ್ರ ನಗಲಿಲ್ಲ, ಸುಮ್ಮನೆ ಹೋಗಿ ಕಾರಿನಲ್ಲಿ ಕೂತ. ಅಧ್ಯಕ್ಷರ ಮಾನ ಹೋಯಿತು ಎಂದು ಬೇಜಾರು ಮಾಡಿಕೊಂಡಿದ್ದಾನೆ ಅಂದುಕೊಂಡೆ. ಕಾವೇರಿಯಲ್ಲಿ ಬಂಡೆಗಳು ಇರಬೇಕಾದ ಜಾಗದಲ್ಲಿಲ್ಲ ಎಂದು ಭಾವ ತೀರ್ಪು ಕೊಟ್ಟರು.

ಮುಂದಿನ ಸಲ ಕೆ.ಆರ್. ಪೇಟೆ. ತಮ್ಮ ಕೋಳಿ ಫ್ರೈ ಕಟ್ಟಿಸಿಕೊಂಡು ಹೇಮಾವತಿಯನ್ನು ತೋರಿಸಿದ. ಅಲ್ಲಿ ಹೇಮಾವತಿ ಅಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು. ನೀರು ಕಣ್ಣು ಹಾಯುವಷ್ಟು ದೂರ ಇತ್ತು, ಆದರೆ ಅದಕ್ಕೆ ಎಲ್ಲಿಗೂ ಹೋಗುವ ಅವಸರವಿರಲಿಲ್ಲ. ದಡದ ಹತ್ತಿರ ಒಂದು ಎಮ್ಮೆ ಕೂತಿತ್ತು, ನಾವು ಕೋಳಿ ತಿಂದು ಕೈ ತೊಳೆಯುವವರೆಗೂ ಅದೂ ಕದಲಲಿಲ್ಲ. ಸಾಹಸ ಎಲ್ಲಪ್ಪಾ ಎಂದು ಕೇಳಿದರೆ, ನೀನೇ ಜೋರಾಗಿ ಹುಟ್ಟು ಹಾಕಿದರೆ ಅದೇ ಸಾಹಸ ಎಂದು ತಮ್ಮ ವಿವರಿಸಿದ.

ಪಾಂಡವಪುರದ ಭಾವ ಹೊಳೆಯ ಗೊಡವೆಗೇ ಹೋಗಲಿಲ್ಲ, ನೇರವಾಗಿ ನಾಲೆಯನ್ನು ತೋರಿಸಿದರು. ನಾಲೆಯೇ ಎಲ್ಲ ಹೊಳೆಗಳಿಗಿಂತ ಉತ್ತಮ ಎಂಬುದು ಅವರ ವಾದ. ಎರಡೂ ಕಡೆ ಗೋಡೆ ಇದೆ, ದಾರಿ ತಪ್ಪುವುದಿಲ್ಲ, ಬಂಡೆಯಿಲ್ಲ, ಸುಳಿಯಿಲ್ಲ, ಹೋಗುತ್ತಾ ಹೋಗುತ್ತಾ ಗದ್ದೆಯನ್ನೂ ನೋಡಿಕೊಂಡು ಹೋಗಬಹುದು. ಅದರಲ್ಲಿ ಇಳಿಯಬಾರದು ಎಂದು ದೊಡ್ಡ ಬೋರ್ಡು ಹಾಕಿದ್ದರು. ಆ ಬೋರ್ಡನ್ನು ಓದಿದವಳು ನಾನೊಬ್ಬಳೇ. ಭಾವ ಮೂವತ್ತು ವರ್ಷ ಮಕ್ಕಳಿಗೆ ಓದಲು ಕಲಿಸಿದವರು, ಅವರಿಗೆ ಸಾಕಾಗಿತ್ತು.

ಕೊನೆಗೆ ನಾಗಮಂಗಲ. ನಮ್ಮ ಯಜಮಾನರು ಎಲ್ಲರನ್ನೂ ಒಂದು ಸೇತುವೆಯ ಮೇಲೆ ನಿಲ್ಲಿಸಿ, ಕೆಳಗಿದ್ದ ಮರಳು, ಜಾಲಿಗಿಡ, ಮೇಯುತ್ತಿದ್ದ ಕುರಿಗಳನ್ನು ತೋರಿಸಿ, ಇದೇ ನಮ್ಮ ನದಿ ಎಂದರು. ಕೆರೆ ಕೋಡಿ ಬಿದ್ದ ವರ್ಷ ಇಲ್ಲಿ ಆಳುದ್ದ ನೀರು ಹರಿದಿತ್ತಂತೆ. ನಂಬದವರಿಗೆಂದು ಫೋನಿನಲ್ಲಿ ಅದರ ಫೋಟೋ ಇಟ್ಟುಕೊಂಡಿದ್ದರು. ನಾವು ಸೇತುವೆಯ ಮೇಲೆ ಎಳನೀರು ಕುಡಿದು ಆ ಫೋಟೋ ನೋಡಿದೆವು. ಆ ದಿನ ಅಲ್ಲಿ ಕಂಡ ನೀರು ಅಷ್ಟೇ.

ಅಷ್ಟರಲ್ಲಿ ಮಳೆಗಾಲ ಬಂತು. ಕೊಡಗಿನ ಕಡೆ ಬರಪೊಳೆ ಎಂಬ ಹೊಳೆ ಇದೆ, ಆ ವಿಡಿಯೋ ಅಲ್ಲಿಯದೇ ಎಂದು ನಾನು ಪತ್ತೆ ಮಾಡಿ ಹೇಳಿದೆ. ತಮ್ಮನಿಗೆ ಆ ಹೆಸರೇ ಹಿಡಿಸಲಿಲ್ಲ. ಬರ ಅಂತ ಹೆಸರಿಟ್ಟುಕೊಂಡ ಹೊಳೆಯಲ್ಲಿ ನೀರು ಎಲ್ಲಿಂದ ಬಂದೀತು ಅಂದ. ಆದರೂ ನನ್ನ ಕಾಟಕ್ಕೆ, ಕಿರಂಗೂರಿನ ಜಗಲಿಯಲ್ಲಿ ಎಲ್ಲರೂ ಕೂತಿದ್ದಾಗ, ಅಲ್ಲಿ ದೋಣಿ ನಡೆಸುವವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

ಇಲ್ಲಿ ನಮ್ಮ ಸೀಮೆಯ ಬಗ್ಗೆ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಒಬ್ಬರನ್ನೊಬ್ಬರು ಕಂಡರೆ ಊಟ ಆಯಿತಾ ಎಂದು ಕೇಳುವುದು ಆಮೇಲೆ, ಮೊದಲು ಕಟ್ಟೆ ಎಷ್ಟಡಿ ಆಗಿದೆ ಎಂದು ಕೇಳುತ್ತಾರೆ. ನಮ್ಮಲ್ಲಿ ನೀರು ಹರಿಯುವುದಿಲ್ಲ, ನೀರನ್ನು ಬಿಡುತ್ತಾರೆ. ಬಿಡುವವರು ಮೇಲೆ ಎಲ್ಲೋ ಇರುತ್ತಾರೆ, ಬಿಟ್ಟರೆ ನಾಟಿ, ಬಿಡದಿದ್ದರೆ ರಸ್ತೆ ತಡೆ. ಹೀಗೆ ಬೆಳೆದ ತಮ್ಮ ಆ ದೋಣಿಯವನನ್ನು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಕಡೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದು. ಅವನಿಗೆ ಅರ್ಥವಾಗಲಿಲ್ಲ. ತಮ್ಮ ಬಿಡಿಸಿ ಕೇಳಿದ, ನೀರನ್ನು ಬಿಡುವವರು ಯಾರು, ಯಾವ ಕಟ್ಟೆಯಿಂದ ಬಿಡುತ್ತಾರೆ.

"ಇಲ್ಲಿ ಯಾರೂ ಬಿಡಲ್ಲ ಸಾರ್," ಅಂದ ಆ ಕಡೆಯವನು. "ಮಳೆ ಬಂದ್ರೆ ಅದೇ ಬರುತ್ತೆ."

ಯಾರೂ ಬಿಡದೆ ತಾನಾಗಿಯೇ ಬರುವ ನೀರು! ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಫೋನ್ ಕಟ್ ಮಾಡಿದ.

"ಯಾರೂ ಬುಡ್ದಿರೋ ನೀರ್ಗೆ ಜವಾಬ್ದಾರಿ ಯಾರ್ಲಾ?" ಎಂದು ಅಣ್ಣ ಕೇಳಿದ. ಬರಪೊಳೆಯನ್ನು ಸರ್ವಾನುಮತದಿಂದ ತಳ್ಳಿಹಾಕಿದರು. ಸದಸ್ಯರಾದ ನನ್ನ ಯಜಮಾನರೂ ಹೂಂ ಅಂದರು. ಹೇಗೂ ಆ ವಾರ ನಾಲೆಗೆ ನೀರು ಬಿಟ್ಟಿದ್ದರು, ಅಣ್ಣನಿಗೆ ನಾಟಿ, ಮುಂದಿನ ವರ್ಷ ನೋಡೋಣ ಎಂದು ಸಭೆ ಮುಗಿಯಿತು.

ನಾಗಮಂಗಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಹಲ್ಲು ಕಡಿಯುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು, ಮಕ್ಕಳಿಗೆ ಕ್ರಿಯಾಪದ ಹೇಳಿಕೊಡುವವಳು. ಬಿಡು ಎಂಬ ಈ ಒಂದು ಕ್ರಿಯಾಪದದ ಕೆಳಗೆ ನಮ್ಮ ಇಡೀ ಜಿಲ್ಲೆ ಬದುಕುತ್ತಿದೆ ಎಂದು ಆಗ ಹೊಳೆಯಿತು. ನೀರು ಬಿಡುತ್ತಾರೆ, ತ್ರೀ ಫೇಸ್ ಕರೆಂಟು ಬಿಡುತ್ತಾರೆ, ಹೆಣ್ಣುಮಕ್ಕಳನ್ನು ಓದಲು ಬಿಡುತ್ತಾರೆ, ಟೂರಿಗೆ ಬಿಡುವುದಿಲ್ಲ. ಸಂಬಳ ತರುವ, ಪಿಂಚಣಿ ಹತ್ತಿರವಾಗುತ್ತಿರುವ ನಾನು, ಒಣಗಿದ ನಾಲೆಯ ಹಾಗೆ ಬಾಯಿ ತೆರೆದುಕೊಂಡು, ಯಾರಾದರೂ ಬಿಡಲಿ ಎಂದು ಕಾಯುತ್ತಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬಂತು. ಮುಂದಿನ ವರ್ಷಕ್ಕೆ ಮಂಡಿ ಹೇಗಿರುತ್ತದೋ ಯಾರಿಗೆ ಗೊತ್ತು, ಈ ಮಳೆಗಾಲ ತಪ್ಪಿದರೆ ನಾನು ಮೊಣಕಾಲುದ್ದ ನೀರು ಕಂಡವಳಾಗಿಯೇ ಮುಗಿಯುತ್ತೇನೆ ಅನ್ನಿಸಿತು. ಮನೆಗೆ ಬಂದವಳೇ ಅದೇ ನಂಬರಿಗೆ ಫೋನ್ ಮಾಡಿದೆ. ಬಿಪಿ ಇದೆಯಾ, ಈಜು ಬರುತ್ತದಾ ಎಂದು ಕೇಳಿದರು. ಎರಡೂ ಇಲ್ಲ ಅಂದೆ. ಬನ್ನಿ ಮೇಡಂ, ಜಾಕೆಟ್ಟು ಇರುತ್ತದೆ ಅಂದರು.

ಯಜಮಾನರಿಗೆ ಹೇಳಿದೆ. ಅವರು ಹೂಂ ಅಂದರು. ಆ ಮಟ್ಟಿಗೆ ಅವರದು ಒಳ್ಳೆಯ ಸ್ವಭಾವ, ಕೊನೆಯಲ್ಲಿ ಮಾತಾಡಿದವರಿಗೆ ಹೂಂ ಅನ್ನುತ್ತಾರೆ.

ಅಣ್ಣನಿಗೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಶನಿವಾರ ಶಾಲೆ ಮುಗಿಸಿ ಕಿರಂಗೂರಿಗೆ ಹೋದೆ. ಅವನು ಗದ್ದೆಯ ಬದುವಿನ ಮೇಲೆ ನಿಂತು ನಾಟಿ ನೋಡುತ್ತಿದ್ದ. ಮುಂದಿನ ಭಾನುವಾರ ಹೋಗುತ್ತಿದ್ದೇನೆ, ಬುಕ್ ಆಗಿದೆ ಅಂದೆ. ಕೂಗಾಡಿದರೆ ಏನೇನು ಹೇಳಬೇಕು ಎಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿದ್ದೆ. ಬಹಳ ಚೆನ್ನಾಗಿ ಚುಚ್ಚುವಂಥ ಮಾತುಗಳು ಇದ್ದವು. ಅವನು ಕೂಗಾಡಲಿಲ್ಲ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತ.

"ಅಪ್ಪನ್ನ ಒಳೆಗ್ ಬುಟ್ಟೋನು ನಾನು," ಅಂದ. "ಅವ್ವನ್ನ ಬುಟ್ಟೋನೂ ನಾನೇ. ಬೂದಿ ಮಡಕೆ ಇಡ್ಕಂಡು ಸೊಂಟದ್ ಮಟ್ಟ ನೀರಲ್ ನಿಂತಿದ್ದೆ ಕಣಮ್ಮಿ. ತಮ್ಮ ದಡದಲ್ಲಿದ್ದ, ನೀವೆಲ್ಲ ಮನೇಲಿದ್ರಿ. ಅವತ್ತಿಂದ ನಾನ್ ಒಳೆಗ್ ಇಳ್ದಿಲ್ಲ. ನೀರ್ ಕಂಡ್ರೆ ಅವ್ರೇ ಕಾಣ್ತಾರೆ. ನಿನ್ನೂ ಅಲ್ಲಿಗೇ ಬುಡು ಅಂದ್ರೆ ಎಂಗ್ ಬುಡ್ಲಿ?"

ನಾನು ತಂದಿದ್ದ ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಸಂಗಮದಲ್ಲಿ ನಾವು ನಗುತ್ತಿದ್ದಾಗ ಇವನು ಕಾರಿನಲ್ಲಿ ಹೋಗಿ ಕೂತದ್ದು ಮಾನ ಹೋಯಿತು ಅಂತಲ್ಲ. ನಾಲ್ಕು ತಾಲ್ಲೂಕಿನ ಹೊಳೆಗಳಲ್ಲಿ ಒಂದೂ ಅಧ್ಯಕ್ಷರಿಗೆ ಒಪ್ಪಿಗೆಯಾಗದೆ ಇದ್ದದ್ದಕ್ಕೆ ಬಂಡೆ, ಸುಳಿ ಯಾವುದೂ ಕಾರಣವಲ್ಲ. ಹೆಂಗಸರು ಅಲ್ಲಿಗೆಲ್ಲ ಬರಬಾರದು ಎಂದು ನಮ್ಮನ್ನು ಮನೆಯಲ್ಲಿ ಬಿಟ್ಟು ಹೋದವನು ಅಲ್ಲಿ ಒಬ್ಬನೇ ಏನು ಕಂಡನೋ, ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ. ಹೋಗುವುದಿಲ್ಲ ಬಿಡು ಅಣ್ಣ ಎಂದು ಹೇಳಲು ಬಾಯಿ ತೆರೆದೆ. ಆದರೆ ಅದು ಸುಳ್ಳಾಗುತ್ತಿತ್ತು. ನನಗೆ ಹೋಗಲೇಬೇಕಿತ್ತು. ಅವನ ಪಕ್ಕದಲ್ಲಿ ಕೂತೆ.

ಅವನು ಗದ್ದೆಯಲ್ಲಿ ನಿಂತ ನೀರಿನ ಕಡೆ ನೋಡಿದ. ಆಮೇಲೆ ಕೇಳಿದ.

"ಆ ನೀರು ನಮ್ ಒಳೆಗ್ ಬಂದ್ ಸೇರ್ತದಾ?"

"ಇಲ್ಲ ಕಣಣ್ಣ. ಅದು ಆ ಕಡೀಕೆ, ಕೇರಳಕ್ಕೆ ಓಗ್ತದೆ."

ಅವನು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದ. ಎದ್ದು ಪಂಚೆ ಕೊಡವಿಕೊಂಡ.

"ಅಂಗಾರೆ ನಮ್ಮೋರ್ ಯಾರೂ ಇಲ್ಲ ಅಲ್ಲಿ. ಓಗ್ಬುಟ್ ಬಾ."

ಭಾನುವಾರ ಬರಪೊಳೆಯ ದಡದಲ್ಲಿ ಯಜಮಾನರು ನನ್ನ ಚಪ್ಪಲಿ, ಬ್ಯಾಗು, ಕನ್ನಡಕ ಕಾಯುತ್ತಾ ನಿಂತರು. ಹಿಂದೊಮ್ಮೆ ತಲಕಾವೇರಿಗೆ ಹೋದಾಗಲೂ ಅವರದು ಅದೇ ಕೆಲಸವಾಗಿತ್ತು. ದೋಣಿಯಲ್ಲಿ ನನ್ನ ಜೊತೆ ಇದ್ದವರೆಲ್ಲ ನನ್ನ ವಿದ್ಯಾರ್ಥಿಗಳ ವಯಸ್ಸಿನವರು. ನನ್ನನ್ನು ಆಂಟಿ ಅಂದರು, ಸಹಿಸಿಕೊಂಡೆ. ಮೊದಲ ಇಳಿಜಾರಿನಲ್ಲಿ ದೋಣಿ ಮೂತಿ ಕೆಳಗೆ ಮಾಡಿಕೊಂಡು ಬಿದ್ದಾಗ ನಾನು ಕಿರುಚಿದ ಸದ್ದು ನನಗೇ ಪರಿಚಯವಿರಲಿಲ್ಲ. ನೀರು ಮುಖಕ್ಕೆ, ಬಾಯಿಗೆ, ಕಿವಿಗೆ ಹೊಡೆಯಿತು. ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು, ಎರಡನೆಯದು ಬರಲಿ ಎಂದೂ ಅನ್ನಿಸಿತು. ಅದೂ ಬಂತು.

ಎಲ್ಲ ದಾಟಿ ಹೊಳೆ ಅಗಲವಾಗಿ ಶಾಂತವಾದ ಕಡೆ ದೋಣಿ ನಡೆಸುವವನು, ಬೇಕಾದವರು ನೀರಿಗೆ ಇಳಿಯಬಹುದು ಅಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಇಳಿದೆ. ಕಾಲಿಗೆ ನೆಲ ಸಿಗಲಿಲ್ಲ. ಜಾಕೆಟ್ಟು ನನ್ನನ್ನು ಎತ್ತಿ ಹಿಡಿಯಿತು, ಕುತ್ತಿಗೆಯವರೆಗೂ ತಣ್ಣನೆಯ ನೀರು. ಅಪ್ಪ ಇಲ್ಲದ, ಅವ್ವ ಇಲ್ಲದ ಆ ನೀರಿನಲ್ಲಿ ನಮ್ಮ ಮನೆಯವಳು ಅಂತ ಇದ್ದದ್ದು ನಾನೊಬ್ಬಳೇ, ಜೀವಂತವಾಗಿ, ಜೋರಾಗಿ ಅಳುತ್ತಾ.