ಅಕ್ಕಿಯಲ್ಲಿ ಬರೆದ ಹೆಸರು

ತೆಲಂಗಾಣದ ಗಡಿಯೂರು ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಲಾಳಿಯ ಸದ್ದಿಗೇ ಬೆಳಗಾಗುತ್ತದೆ. ಟಕ್, ಟಕ್ ಎಂದು ಮಗ್ಗಗಳು ಒಂದೊಂದಾಗಿ ಏಳುತ್ತವೆ. ಎಲ್ಲಕ್ಕಿಂತ ಮೊದಲು ಏಳುವುದು ಮಹಾಂತಮ್ಮನವರ ಮಗ್ಗ.

ಅವರು ಹುಟ್ಟಿದಾಗ ಇಟ್ಟ ಹೆಸರು ಮಾಲತಿ. ಊರು ಖುಲ್ನಾದ ಕಡೆಯ ಒಂದು ಹಳ್ಳಿ. ಆಗ ಅದು ಪೂರ್ವ ಪಾಕಿಸ್ತಾನ. ಕಂಕುಳ ಕೂಸನ್ನು ಎತ್ತಿಕೊಂಡು ತಂದೆತಾಯಿ ಗಡಿ ದಾಟಿದರು. ಸರ್ಕಾರ ಅವರನ್ನು ಒಂದು ಶಿಬಿರದಿಂದ ಇನ್ನೊಂದಕ್ಕೆ ಸಾಗಿಸಿ, ಕಡೆಗೆ ಸಿಂಧನೂರಿನ ಕ್ಯಾಂಪಿನಲ್ಲಿ ನೆಲೆ ಕೊಟ್ಟಿತು. ಮಾಲತಿಯ ತಮ್ಮ ಹುಟ್ಟಿದ್ದು ಅಲ್ಲಿಯೇ. ಆ ಕಾಲದ ಕಾನೂನಿಗೆ ಈ ನೆಲದಲ್ಲಿ ಹುಟ್ಟಿದರೆ ಸಾಕಿತ್ತು. ಇಲ್ಲಿ ಹುಟ್ಟಿ ಅತ್ತ ಕೂಸು ಪೌರನಾಯಿತು. ಅದನ್ನು ತೊಟ್ಟಿಲಲ್ಲಿ ತೂಗಿದ ಅಕ್ಕ ಆಗಲಿಲ್ಲ.

ಸೀರೆಯ ಗಂಟು ಹೊತ್ತು ಕ್ಯಾಂಪಿಗೆ ಹೋಗುತ್ತಿದ್ದ ನೇಕಾರ ಲಿಂಗಣ್ಣ ಒಂದು ಸಲ ಮಾರಾಟ ಮರೆತು ಮದುವೆಯ ಮಾತು ಆಡಿ ಬಂದರು. "ಮೀನು ತಿನ್ನೋ ಮನಿಯಾಕಿ ನಮ್ಮ ಒಲಿ ಮುಂದ ಕುಂದರ್ತಾಳೇನು?" ಎಂದು ಅವರ ತಾಯಿ ಗುರುಲಿಂಗಮ್ಮ ರೇಗಿದರು. ಆಮೇಲೆ ತಾವೇ ಸೊಸೆಗೆ ಲಿಂಗ ಕಟ್ಟಿಸಿದರು. ಮದುವೆಯ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗನ ಕೈಯಿಂದ ಉಂಗುರದಲ್ಲಿ ಹೊಸ ಹೆಸರು ಬರೆಸಿದರು: ಮಹಾಂತಮ್ಮ. ಬಂದ ಸೊಸೆಯರಿಗೆಲ್ಲ ನಮ್ಮಲ್ಲಿ ಹೀಗೆಯೇ. ಅಕ್ಕಿಯನ್ನು ಅನ್ನ ಮಾಡಿ ಉಂಡರು. ಹಳೆಯ ಹೆಸರು ಯಾರಿಗೂ ಬೇಕಾಗಲಿಲ್ಲ.

ಬೇಕಾದದ್ದು ಮೊಮ್ಮಕ್ಕಳಾದ ಮೇಲೆ. ಅಷ್ಟರಲ್ಲಿ ಕಾನೂನು ಬಿಗಿಯಾಗುತ್ತ ಬಂದಿತ್ತು. ಎಂಬತ್ತೇಳರ ನಡುವಿನಿಂದ, ಹುಟ್ಟಿದರೆ ಸಾಲದು, ತಂದೆತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕೆಂದಾಯಿತು. ತಂದೆ ಲಿಂಗಣ್ಣ ಪೌರರಾದ್ದರಿಂದ, ಆಮೇಲೆ ಹುಟ್ಟಿದ ಮಗಳಿಗೆ ತೊಂದರೆಯಾಗಲಿಲ್ಲ. ಆದರೆ ಆ ಮಗಳನ್ನು ಹೆತ್ತ ಮಹಾಂತಮ್ಮ ಇನ್ನೂ ಹೊರಗಿನವರೇ. ಭಾರತೀಯನ ಹೆಂಡತಿಯೆಂದು ಅವರು ಪೌರತ್ವ ಕೇಳಿದರು. ಅರ್ಜಿ ತಿರುಗಿ ಬಂತು. ಕ್ಯಾಂಪಿನ ಕಾಗದದಲ್ಲಿ ಮಾಲತಿ, ಮದುವೆಯ ಕಾಗದದಲ್ಲಿ ಮಹಾಂತಮ್ಮ. ಇಬ್ಬರೂ ಒಬ್ಬರೇ ಎಂಬುದಕ್ಕೆ ಸಾಕ್ಷಿಯೇನು?

ಎರಡನೆಯ ಸಲದ ವಿಚಾರಣೆಗೆ ಗುರುಲಿಂಗಮ್ಮ ತಾವೂ ಆಟೋ ಹತ್ತಿದರು. ಬೆನ್ನು ಬಾಗಿದೆ, ದನಿ ಬಾಗಿಲ್ಲ. ಜೊತೆಗೆ ಹೋದವಳು ನಾನು, ಪಕ್ಕದ ಮನೆಯವಳು, ಮಹಾಂತಮ್ಮನವರನ್ನು ದೊಡ್ಡವ್ವ ಎಂದೇ ಕರೆಯುವವಳು.

ಅಧಿಕಾರಿ ತೆಲುಗಿನವರು, ಕನ್ನಡ ಬಲ್ಲವರು. "ಹೆಸರು ಬೇರೆ ಇದ್ದರೆ ನಾನೇನು ಮಾಡಲಮ್ಮಾ?" ಎಂದರು.

"ಅಕ್ಕಿಯೊಳಗ ಬರೆಸಿದಾಕಿ ನಾನು, ಸಾಹೇಬ್ರ. ತಪ್ಪಿದ್ರ ನನ್ನ ಕೇಳ್ರಿ. ಆಕಿನ್ಯಾಕ ನಿಂದರಿಸೀರಿ?"

"ನೀವು ಯಾರು?"

"ಆಧಾರಿನಾಗ ಗುರುಲಿಂಗಮ್ಮ. ತವರಿನಾಗ ಶಾಂತವ್ವ. ನಮ್ಮತ್ತಿ ಬದಲು ಮಾಡಿದ್ಳು. ಈಗ ನನ್ನನ್ನೂ ಈ ದೇಶದಾಕಿ ಅಲ್ಲಂತೀರೇನು?"

ಪಕ್ಕದ ಮೇಜಿನ ಗುಮಾಸ್ತೆ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಸಾರ್, ನನಗೂ ಎರಡು ಹೆಸರದಾವ್ರಿ," ಎಂದಳು. ಅಧಿಕಾರಿಯೂ ನಕ್ಕರು. ಆಮೇಲೆ ಗಂಭೀರವಾಗಿ ಮುದುಕಿಯ ಹೇಳಿಕೆಯನ್ನು ಪ್ರಮಾಣದ ಮೇಲೆ ಬರೆಸಿಕೊಂಡರು. ಓಣಿಯ ಇನ್ನಿಬ್ಬರು ಹಿರಿಯರ ಸಾಕ್ಷಿ ಕೇಳಿದರು. "ಇಬ್ಬರ್ಯಾಕ್ರಿ, ಓಣೀನ ಕರ್ಕೊಂಡು ಬರ್ತೀನಿ," ಎಂದರು ಗುರುಲಿಂಗಮ್ಮ.

ಮಹಾಂತಮ್ಮ ಅತ್ತೆಯನ್ನೇ ನೋಡುತ್ತಿದ್ದರು.

ಅರ್ಜಿಗೆ ಒಪ್ಪಿಗೆ ಸಿಕ್ಕಿ, ಚಳಿಗಾಲದಲ್ಲಿ ಪೌರತ್ವದ ಪ್ರತಿಜ್ಞೆಗೆ ಕರೆ ಬಂತು. ಮಹಾಂತಮ್ಮ ತಾವೇ ನೇಯ್ದ ಸೀರೆ ಉಟ್ಟು ಬಂದರು. ಅಧಿಕಾರಿ ಸಾಲು ಸಾಲಾಗಿ ಹೇಳಿಕೊಟ್ಟರು. "ಮಹಾಂತಮ್ಮ ಎಂಬ ಮಾಲತಿಯಾದ ನಾನು," ಎಂದು ಶುರು ಮಾಡಿದವರ ದನಿ ಒಮ್ಮೆಯೂ ತಡವರಿಸಲಿಲ್ಲ. ಸಂವಿಧಾನಕ್ಕೆ ನಿಷ್ಠಳಾಗಿರುತ್ತೇನೆ ಎಂದಾಗ ಬೆನ್ನು ಇನ್ನಷ್ಟು ನೆಟ್ಟಗಾಯಿತು. ಮಗ್ಗದ ಮುಂದೆ ಬಾಗಿಯೇ ಇರುವ ಆ ಬೆನ್ನನ್ನು ಅಷ್ಟು ನೇರವಾಗಿ ನಾನು ಹಿಂದೆ ಕಂಡಿರಲಿಲ್ಲ.

ಹೊರಗೆ ಬಂದ ಮೇಲೆ, "ದೊಡ್ಡವ್ವ, ಫೋಟೋ ತೆಗೀತೀನಿ, ನಿಂದರ್ರಿ," ಎಂದೆ.

"ಫೋಟೋ ಆಮ್ಯಾಲ. ಮತದಾರರ ಹೆಸರು ಬರಕೊಳ್ಳೋ ಕೋಣಿ ಎಲ್ಲೈತಿ? ಇಷ್ಟು ವರ್ಷ ಓಟು ಕೇಳಾಕ ಬಂದೋರೆಲ್ಲ ನನ್ನ ಕೈಯಾಗಿನ ಚಾ ಕುಡುದು ನಮ್ಮ ಮನಿಯವರಿಗೆ ಕೈ ಮುಗಿದು ಹೋಗ್ತಿದ್ರು. ಬರಲಿ ಈಗ. ನಮ್ಮ ಓಣಿ ಮೋರಿ ಯಾವಾಗ ಕಟ್ತೀರಿ ಅಂತ ನಾನೂ ಕುಂದರಿಸಿ ಕೇಳಾಕಿ, ಚಾ ಕೊಡೂಕಿಂತ ಮೊದಲ—" ಎನ್ನುತ್ತ ಮಹಾಂತಮ್ಮ ಆಗಲೇ ಆ ಕಡೆಯ ಮೆಟ್ಟಿಲು ಹತ್ತುತ್ತಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.