ಗಂಗೂ ಹಾಯಿ ನೋಡಿದ ದಿನ

ಬೊಬ್ರುವಾಡದ ಗಂಗೂ ಮದುವೆಯಾಗಿ ಕಡವಾಡಕ್ಕೆ ಬಂದಾಗ ದೋಣಿಯ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅದು ಮುಳುಗಬಹುದು ಎಂಬುದೊಂದೇ. ತವರಿನವರದ್ದು ಕಾಯಿಪಲ್ಲೆ ಬೆಳೆಯುವ ಗದ್ದೆ. ಗಂಡ ಹರಿಶ್ಚಂದ್ರನದ್ದು ಹಾಯಿದೋಣಿ. ಕಾಳಿ ನದಿ ಕಡಲು ಸೇರುವ ಮೊದಲು ದೊಡ್ಡ ಕೆರೆಯಂತೆ ಹರಡಿಕೊಳ್ಳುವಲ್ಲಿ ಅವನು ಒಂದು ದಡದ ಕಟ್ಟಿಗೆಯನ್ನು, ಇನ್ನೊಂದು ದಡದ ಹಂಚನ್ನು ಆಚೀಚೆ ಸಾಗಿಸುತ್ತಿದ್ದ. ಸೇತುವೆಯಾಗಿ ಲಾರಿಗಳು ಓಡತೊಡಗಿದ ಮೇಲೂ ನೀರಂಚಿನ ಮನೆಗಳಿಗೆ ದೋಣಿಯೇ ಹತ್ತಿರವಾಗಿತ್ತು.

ದೋಣಿ ಅವನದ್ದು, ಹಾಯಿ ಅವಳದ್ದು. ಹಾಗೆಂದು ಯಾರೂ ಹೇಳಿರಲಿಲ್ಲ. ಹರಿದಾಗಲೆಲ್ಲ ಅದು ಅವಳ ಮುಂದೆ ಬಂದು ಬೀಳುತ್ತಿತ್ತು, ಅಷ್ಟೆ. ಮಧ್ಯಾಹ್ನದ ಪಾತ್ರೆ ತೊಳೆದು, ಉಳಿದವರು ಅಡ್ಡಾದ ಹೊತ್ತಿಗೆ, ಅವಳು ಹಾಯಿಯನ್ನು ಅಂಗಳದಲ್ಲಿ ಹಾಸಿ ಡಬ್ಬಣ ಹಿಡಿದು ಕೂರುತ್ತಿದ್ದಳು. ಒಂದು ಸುಕ್ಕೂ ಇಲ್ಲದಂತೆ ಎಳೆದೆಳೆದು ತೇಪೆ ಹಾಕುತ್ತಿದ್ದಳು. ಆದರೂ ತಿಂಗಳೆರಡು ಕಳೆಯುವಷ್ಟರಲ್ಲಿ ತೇಪೆಯ ಪಕ್ಕದಲ್ಲೇ ಬಟ್ಟೆ ಬಾಯಿಬಿಡುತ್ತಿತ್ತು.

ಅಪ್ಪನ ಮನೆಯಲ್ಲಿ ಗೋಣಿಚೀಲ ಹೊಲಿದ ಕೈಯಿದು ಎಂದು ಅತ್ತೆ ಬೊಮ್ಮು ಆಡಿಕೊಂಡಳು. ಗಂಜಿಯಿಂದ ಅಂಟಿಸಿದ್ದಾಳೋ ಏನೋ ಎಂದು ದೋಣಿ ನಿಲ್ಲುವ ಧಕ್ಕೆಯ ಮೇಲಿನವರು ನಕ್ಕದ್ದನ್ನು ಹರಿಶ್ಚಂದ್ರ ಮನೆಗೆ ತಂದು, ಊಟಕ್ಕೆ ಕೂತು, ತಾನೂ ನಗುತ್ತಿದ್ದ. ಗಂಗೂ ದಾರ ಬದಲಿಸಿದಳು, ಬಟ್ಟೆ ಎರಡು ಪದರ ಮಾಡಿದಳು. ತೇಪೆ ಗಟ್ಟಿಯಾದಷ್ಟೂ ಬೇಗ ಹರಿಯಿತು.

ಎಂಬತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಮತ್ತೆ ಹರಿಯಿತು. ಹೊಲಿದು ಮಡಚುತ್ತ ಅವಳು, ನಾಳೆ ನಾನೂ ಬರ್ತೆ ಎಂದಳು.

"ನೀ ಎಂತಕೆ? ಹಂಚು ಹೊರೂಕಾ?"

"ನನ್ನ ಹೊಲಿಗೆ ಹ್ಯಾಂಗೆ ಹರೀತದೆ ಅಂತ ನನ್ನ ಕಣ್ಣಲ್ಲೇ ನೋಡ್ಬೇಕು."

ಮರುದಿನ ಬಾಡಿಗೆಯೇನೂ ಇರಲಿಲ್ಲ. ಒಂದು ದಿನ ಹೊರಗಿರಲು ಗಂಗೂ ನೀರು ಸೇದಿಟ್ಟಳು, ಮಸಾಲೆ ಅರೆದಳು, ರಾತ್ರಿಯ ಸಾರನ್ನೂ ಕುದಿಸಿ ಮುಚ್ಚಿಟ್ಟಳು, ಅವಲಕ್ಕಿ ಡಬ್ಬಿಯ ಜೊತೆ ಡಬ್ಬಣ, ದಾರವನ್ನೂ ಕಟ್ಟಿಕೊಂಡಳು. ಹರಿಶ್ಚಂದ್ರ ಮೈ ಒರೆಸುವ ಪಂಜಿಯನ್ನು ಹೆಗಲಿಗೆ ಹಾಕಿಕೊಂಡ.

ಬೆಳಗಿನ ಗಾಳಿ ಗುಡ್ಡದ ಕಡೆಯಿಂದ ಮೆಲ್ಲಗೆ ಬೀಸುತ್ತಿತ್ತು. ದೋಣಿ ಪಡುವಣಕ್ಕೆ ಜಾರಿತು. ಅವನಿಗೆ ಹೊಸ ಮದುಮಗಳನ್ನು ತಿರುಗಾಡಿಸುವವನಂಥ ಉಮೇದು. ಸದಾಶಿವಗಡ ತೋರಿಸಿದ, ಕಂಬದ ಮೇಲೆ ರೆಕ್ಕೆ ಒಣಗಿಸುವ ನೀರುಕಾಗೆ ತೋರಿಸಿದ. ಗಂಗೂ ಎಲ್ಲದಕ್ಕೂ ಹೂಂಗುಟ್ಟಿದಳು. ಕಣ್ಣು ಮಾತ್ರ ಮೇಲಿತ್ತು. ಹಾಯಿ ಒಣಹಾಕಿದ ಸೀರೆಯಂತೆ ಸೋಮಾರಿಯಾಗಿ ಅಲುಗುತ್ತಿತ್ತು. ಅದರಿಂದ ಏನೂ ತಿಳಿಯಲಿಲ್ಲ.

ಮರಳದಿಬ್ಬದ ಮೇಲೆ ಅವಲಕ್ಕಿ ತಿಂದರು. ಅವಳು ಬಡಿಸಲಿಲ್ಲ. ಡಬ್ಬಿಯನ್ನು ನಡುವೆ ಇಟ್ಟು ತಾನೇ ಮೊದಲು ಕೈ ಹಾಕಿದಳು. ಅವನು ಸ್ವಲ್ಪ ಕಾದು ತಾನೂ ಹಾಕಿದ.

ಮಧ್ಯಾಹ್ನ ಕಡಲಗಾಳಿ ಎದ್ದಿತು. ದೋಣಿ ಮನೆಯತ್ತ ತಿರುಗಿದ್ದೇ ತಡ, ಹಾಯಿ ದಪ್ಪೆಂದು ತುಂಬಿಕೊಂಡಿತು. ಗಂಗೂ ಎದ್ದೇ ನಿಂತಳು. ಅಂಗಳದಲ್ಲಿ ಚಾಪೆಯಂತೆ ಚಪ್ಪಟೆ ಬಿದ್ದಿರುತ್ತಿದ್ದ ಬಟ್ಟೆ ತುಂಬಿದ ಬಸುರಿಯ ಹೊಟ್ಟೆಯಂತೆ ದುಂಡಗಾಗಿತ್ತು. ತೇಪೆಯೊಂದೇ ಹಲಗೆಯಂತೆ ಬಿಗಿದು ನಿಂತು, ಸುತ್ತಲ ಬಟ್ಟೆಯನ್ನು ಜಗ್ಗುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಅಂಚಿನಲ್ಲಿ ಎಳೆಗಳು ಬಿಟ್ಟುಕೊಂಡವು.

"ಹಾಯಿ ಇಳಿಸಿ."

"ಒಳ್ಳೆ ಗಾಳಿ ಅದೆ. ಮನೆ ಮುಟ್ಟೂ ತನಕ ತಡೀತದೆ."

"ಮನೆ ಮುಟ್ಟಿದ್ಮೇಲೆ ನನ್ನ ಹತ್ರಾನೇ ಬರೂದಲ್ಲ? ಇಳಿಸಿ."

ದಡದ ಕಾಂಡ್ಲ ಗಿಡಕ್ಕೆ ದೋಣಿ ಕಟ್ಟಿದರು. ಅವಳು ತೇಪೆಯನ್ನು ಪೂರ್ತಿ ಬಿಚ್ಚಿದಳು. ಗಂಡನನ್ನು ಕಾಲು ಮಡಚಿ ಕೂರಿಸಿ, ಅವನ ಮೊಣಕಾಲುಗಳ ಮೇಲೆ ಬಟ್ಟೆ ಉಬ್ಬುವಂತೆ ಹೊದಿಸಿ, ಆ ಉಬ್ಬಿನ ಮೇಲೆಯೇ ಹೊಲಿಯತೊಡಗಿದಳು. ಚುಚ್ಚೀತು ಮಾರಾಯ್ತಿ ಎಂದು ಅವನು ಗೊಣಗಿದ. ಅಲ್ಲಾಡಬೇಡಿ ಎಂದಳು. ಅವಳು ಹೊಲಿಯುವುದನ್ನು ಅವನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅವಳ ಹೆಬ್ಬೆರಳಿನಲ್ಲಿ ಡಬ್ಬಣ ಒತ್ತಿ ಒತ್ತಿ ಗುಳಿ ಬಿದ್ದಿತ್ತು.

"ಇಷ್ಟು ವರ್ಷ, ಹಾಯಿ ಹೀಂಗೆ ಉಬ್ತದೆ ಅಂತ ಒಂದು ಮಾತು ಹೇಳ್ಲಿಲ್ಲ ನೀವು."

"ಹಾಯಿ ಅಂದ್ರೆ ಉಬ್ಬೂದೇ ಅಲ್ವನೇ? ನಿಂಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ."

ಅವನು ಸುಳ್ಳು ಹೇಳುತ್ತಿಲ್ಲವೆಂದು ಗಂಗೂಗೆ ಅನಿಸಿತು. ಅದಕ್ಕೇ ನಗು ಬಂತು.

ಹಾಯಿ ಏರಿಸಿದಾಗ ತೇಪೆ ಮುದುಕಿಯ ಕೆನ್ನೆಯಂತೆ ಸುಕ್ಕುಸುಕ್ಕಾಗಿತ್ತು. ಹರಿಶ್ಚಂದ್ರ ಅನುಮಾನದಿಂದ ನೋಡಿದ. ಗಾಳಿ ಬಂತು, ಸುಕ್ಕೆಲ್ಲ ಬಿಚ್ಚಿಕೊಂಡಿತು, ತೇಪೆ ಉಳಿದ ಬಟ್ಟೆಯ ಜೊತೆಗೇ ತುಂಬಿಕೊಂಡಿತು. ನಡುನೀರಲ್ಲಿ ಒಂದು ಬೀಸು ಬಂದು ದೋಣಿ ವಾಲಿದಾಗ ಅವನು ತಲೆಯೆತ್ತಿ ನೋಡಿದ. ಒಂದು ಎಳೆಯೂ ಬಿಟ್ಟಿರಲಿಲ್ಲ. ಖುಷಿಯಲ್ಲಿ, ನೆರೆಯ ಮಾದೇವನ ಹಾಯಿಯೂ ಹೀಗೇ ಹರಿಯುತ್ತದೆ, ತಂದು ಕೊಡಲು ಹೇಳುತ್ತೇನೆ ಎಂದ.

"ತರ್ಲಿ. ಹ್ಯಾಂಗೆ ಹೊಲೂದು ಅಂತ ಹೇಳ್ಕೊಡ್ತೆ," ಎಂದಳು ಗಂಗೂ. "ಹೊಲೂದು ಅವನು."

ಕಡವಾಡದ ದಡ ಬಂತು. ಅವನು ಹಗ್ಗಕ್ಕೆ ಕೈ ಹಾಕಿದ. ಇಳಿಸಬೇಡಿ, ಆಚೆ ದಡಕ್ಕೊಂದು ಸುತ್ತು ಹೋಗಿ ಬರುವ ಎಂದಳು.

"ಹೊಲಿಗೆ ನೋಡಿ ಆಯ್ತಲ್ಲ. ಮತ್ತೆಂತಕೆ?"

"ಸುಮ್ನೆ," ಎಂದು ಗಂಗೂ ಕಾಲು ನೀಡಿ ಕೂತಳು.

ಅವನು ಚುಕ್ಕಾಣಿ ತಿರುಗಿಸಿದ.