ಹೆದರುತ್ತಲೇ ಮತ ಹಾಕಿದ ನೀರಗಂಟಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆಳಗಿನ ಓಣಿಯ ತಿರುವಿನಲ್ಲಿ ಅವರು ಮಂಡಿಯೂರಿ ಕೂತು ಗುಂಡಿಯ ಮುಚ್ಚಳವನ್ನು ಪಕ್ಕಕ್ಕೆ ಎಳೆಯುತ್ತಾರೆ. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಒಳಗಿಳಿಸಿ, ವಾಲ್ವಿನ ತಲೆಗೆ ಕೂರಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಾರೆ. ನೆಲದಡಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡಂತೆ ಸದ್ದು. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಮೋಟಾರ್‌ಬೈಕು ಬರುತ್ತದೆ. ಅವರ ಕೈ ನಿಲ್ಲುತ್ತದೆ. ಬೈಕು ಹತ್ತಿರವಾಗುತ್ತದೆ, ದೀಪ ಕಣ್ಣಿಗೆ ರಾಚುತ್ತದೆ, ಪೇಪರ್ ಹಾಕುವವನು "ಏನಕ್ಕ, ಆರಾಮಾ?" ಎಂದು ದಾಟಿಹೋಗುತ್ತಾನೆ. ಬೈಕಿನ ಸದ್ದು ದೂರವಾದ ಮೇಲೆಯೇ ಅವರು ಮತ್ತೆ ಕೀಲಿ ತಿರುಗಿಸುತ್ತಾರೆ.

"ಮೊದಲು ಹಿಂಗಿರಲಿಲ್ಲ. ಈಗ ಗಾಡಿ ಸದ್ದು ಕೇಳಿದ್ರೆ ಸಾಕು, ಯಾರು ಅಂತ ನೋಡೋವರೆಗೂ ಕೀಲಿ ತಿರುಗಿಸಲ್ಲ" ಎನ್ನುತ್ತಾರೆ ನೀರಕ್ಕ. ಅವರ ನಿಜವಾದ ಹೆಸರು ಹಿಡಿದು ಕರೆಯುವವರು ಈಗ ಅತ್ತೆಯೊಬ್ಬರೇ.

ಬಡಾವಣೆಗೆ ನೀರು ಬಿಡುವುದು ಅವರ ಕೆಲಸ. ಗುಡ್ಡದ ಮೇಲಿನ ಟ್ಯಾಂಕಿನಿಂದ ಶುರುಮಾಡಿ, ಒಂದೊಂದೇ ವಾಲ್ವು ತೆರೆಯುತ್ತ, ಮುಚ್ಚುತ್ತ, ಇಳಿಯುತ್ತ ಬರಬೇಕು. ಕೆಳಗಿನ ಓಣಿ ಕೊನೆಯದು. ಮೇಲಿನವರಿಗೆ ನೀರು ಹತ್ತು ನಿಮಿಷ ತಡವಾದರೆ ಫೋನು ಬರುತ್ತದೆ. ಕೆಳಗಿನವರಿಗೆ ತಡವಾದರೆ ಕಿಟಕಿಯಿಂದಲೇ ಬೈಗುಳ. "ಬೈಗುಳವೇ ವಾಸಿ. ಬೈದವರು ಮಧ್ಯಾಹ್ನ ಕರೆದು ಟೀ ಕೊಡ್ತಾರೆ. ಫೋನು ಮಾಡಿದವರ ಮುಖಾನೇ ನಾನು ನೋಡಿಲ್ಲ."

ಈ ಕೀಲಿ ಮೊದಲು ಅವರ ಗಂಡನ ಕೈಯಲ್ಲಿತ್ತು. ಹಿಂದೊಂದು ಚುನಾವಣೆಯಲ್ಲಿ ಕೆಳಗಿನ ಓಣಿಯವರು ಗೆದ್ದವನಿಗೆ ಮತ ಹಾಕಲಿಲ್ಲ ಎಂಬ ಮಾತು ಹಬ್ಬಿತು. ಗೆದ್ದವನ ಕಡೆಯವರು ಬಂದು, ಆ ಓಣಿಯ ವಾಲ್ವು ತೆರೆಯಬೇಡ ಎಂದರು. "ಕುಡಿಯೋ ನೀರು ಸ್ವಾಮಿ, ನನ್ನ ಕೈಯಿಂದ ಆಗಲ್ಲ" ಎಂದು ಗಂಡ ತೆರೆದರು. ಎರಡು ದಿನ ಬಿಟ್ಟು ಅದೇ ಗುಂಡಿಯ ಪಕ್ಕದಲ್ಲಿ ಅವರ ಮೊಣಕಾಲನ್ನು ಹೊಡೆದು ಮುರಿದರು. ಠಾಣೆಯಲ್ಲಿ "ಯಾರು ನೋಡಿದ್ರು?" ಎಂದು ಕೇಳಿದರು. ಓಣಿಯೆಲ್ಲ ನೋಡಿತ್ತು. ಯಾರೂ ಬಾಯಿ ಬಿಡಲಿಲ್ಲ. ನಸುಕಿನಲ್ಲಿ ಏಳುವ ಈ ಕೆಲಸಕ್ಕೆ ಬೇರೆ ಯಾರೂ ಮುಂದೆ ಬಾರದೆ ನೀರು ಬಿಡುವ ಗುತ್ತಿಗೆ ಹಿಡಿದಿದ್ದ ಕಂಟ್ರಾಕ್ಟರು ನೀರಕ್ಕನ ಕೈಗೇ ಕೀಲಿ ಕೊಟ್ಟ.

ಗಂಡ ಈಗ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಹಳೆಯ ನಲ್ಲಿಗಳಿಗೆ ವಾಷರ್ ಹಾಕಿಕೊಡುತ್ತಾರೆ. ಮಾತು ಕಡಿಮೆ. ಮತದ ವಿಷಯ ಬಂದರೆ ಮಾತ್ರ ತಲೆ ಎತ್ತುತ್ತಾರೆ. "ನಾನು ತಪ್ಪದೆ ಹಾಕ್ತಿದ್ದೆ. ನನಗೆ ಸಿಕ್ಕಿದ್ದು ಈ ಕಾಲು. ಯಾವ ಕಳ್ಳ ಮೇಲೆ ಕೂರಬೇಕು ಅಂತ ನಾನ್ಯಾಕೆ ಆರಿಸಬೇಕು? ಅವರವರೇ ಆರಿಸ್ಕೊಳ್ಳಲಿ." ಆ ಹೊಡೆತದ ನಂತರ ಈ ಮನೆಯಿಂದ ಯಾರೂ ಮತಗಟ್ಟೆಗೆ ಹೋಗಿರಲಿಲ್ಲ. ಅದರ ಬಗ್ಗೆ ಚರ್ಚೆಯೂ ಇರಲಿಲ್ಲ. ನೀರಕ್ಕನಿಗೂ ಅದೇ ಸರಿ ಅನ್ನಿಸಿತ್ತು. ನಂಬಿಕೆ ಇಲ್ಲದ ಕಡೆ ಕೈ ಚಾಚುವುದೇಕೆ?

ಈ ಸಲದ ಚುನಾವಣೆಗೆ ಮೂರು ದಿನ ಇರುವಾಗ ಅದೇ ಗೆದ್ದವನ ಕಡೆಯ ಕಪ್ಪು ಜಾಕೆಟ್ಟಿನವನೊಬ್ಬ ಟ್ಯಾಂಕಿನ ಮೆಟ್ಟಿಲ ಬಳಿ ಬೈಕು ನಿಲ್ಲಿಸಿ ಕಾಯುತ್ತಿದ್ದ. ಜೋರು ಮಾಡಲಿಲ್ಲ. ಗಂಡನ ಕಾಲು ಹೇಗಿದೆ ಎಂದು ಕೇಳಿದ. ಆಮೇಲೆ, "ನಿಮ್ಮ ಓಣಿಯವರು ಅವತ್ತು ಮನೇಲೇ ಇರಿ. ಯಾರಿಗೂ ಹಾಕೋದು ಬೇಡ. ನೀರು ಎಂದಿನ ಹಾಗೆ ಬರುತ್ತೆ. ಮರುದಿನ ಬೆರಳು ನೋಡ್ತೀವಿ. ಶಾಯಿ ಕಂಡರೆ ವಾಲ್ವು ಮುಚ್ಚೋಳು ನೀನೇ. ಎಲ್ಲರಿಗೂ ಹೇಳು" ಎಂದ.

"ಬೈದಿದ್ರೆ ಅಷ್ಟು ಹೆದರ್ತಿರಲಿಲ್ಲ. ಕಾಲು ಹೇಗಿದೆ ಅಂತ ಕೇಳಿದನಲ್ಲ, ಅದಕ್ಕೇ ಹೆದರಿದೆ."

ಅವರು ಓಣಿಗೆ ಹೇಳಿದರು. ಹೇಳದಿದ್ದರೆ ಯಾರಿಗಾದರೂ ಏಟು ಬೀಳಬಹುದೆಂಬ ಭಯ. ಹೇಳಿದರೆ ಅವನ ಡಂಗುರ ತಾನೇ ಸಾರಿದಂತೆ ಎಂಬ ಸಂಕಟ. ಅತ್ತ ದರಿ, ಇತ್ತ ಪುಲಿ. ಎದುರುಮನೆಯ ದರ್ಜಿ ಕತ್ತರಿ ಕೆಳಗಿಟ್ಟು, "ನಮಗೆ ಹೇಗೂ ಆಸಕ್ತಿ ಇರಲಿಲ್ಲ ಬಿಡಿ" ಎಂದ. ಆ ಮಾತು ಎಲ್ಲರಿಗೂ ಹಿಡಿಸಿತು. ಸಂಜೆಯ ಹೊತ್ತಿಗೆ ಓಣಿಯ ತುಂಬ ಅದೇ ಮಾತು. ಯಾರೂ ಹೆದರಿಲ್ಲ, ಎಲ್ಲರಿಗೂ ಆಸಕ್ತಿ ಇಲ್ಲ, ಅಷ್ಟೇ.

ನೀರಕ್ಕನಿಗೆ ಮಾತ್ರ ಅದು ನುಂಗಲಾರದ ತುತ್ತಾಯಿತು. "ಹೋಗಬಾರದು ಅಂತ ನಾನೂ ಅಂದ್ಕೊಂಡಿದ್ದೆ. ಆದ್ರೆ ಅವನು ಬಂದು ಹೋಗಬೇಡ ಅಂದ ಮೇಲೆ, ನಾನು ಮನೇಲಿ ಕೂತ್ರೆ ಅದು ನನ್ನ ಮಾತಾಗಿ ಉಳಿಯುತ್ತಾ? ಅವನ ಮಾತು ಕೇಳ್ದಂಗೇ ಆಯ್ತಲ್ಲ."

ಮತದಾನದ ದಿನ ನೀರು ಬಿಟ್ಟು ಬಂದ ಮೇಲೆ ಮಧ್ಯಾಹ್ನದವರೆಗೂ ಅವರು ಮನೆಯೊಳಗೇ ಇದ್ದರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡಾಗ ಗಂಡ ಕೇಳಿದರು, "ಎಲ್ಲಿಗೆ?"

"ಶಾಲೆ ಹತ್ರ."

ಗಂಡ ಕೈಯಲ್ಲಿದ್ದ ನಲ್ಲಿಯನ್ನು ಕೆಳಗಿಟ್ಟರು. "ನನ್ನ ಕಾಲು ನೋಡ್ತಾ ಹೋಗ್ತಿದ್ದೀಯಾ?"

"ನೋಡ್ಕೊಂಡೇ ಹೋಗ್ತಿದ್ದೀನಿ."

ಒಳಗಿಂದ ಅತ್ತೆ ಕೋಲೂರಿಕೊಂಡು ಬಂದರು. ಅವರಿಗೆ ಕಿವಿ ಮಂದ, ಬೇಕಾದದ್ದು ಮಾತ್ರ ಕೇಳುತ್ತದೆ. "ನಾನೂ ಬರ್ತೀನಿ ತಾಳೇ. ನನ್ನ ಹೊಡೆದ್ರೆ ಅವರಿಗೆ ಸಿಗೋದು ಬರೀ ಮೂಳೆ, ಕೈ ಅವರದೇ ನೋಯುತ್ತೆ."

ಓಣಿ ದಾಟುವಾಗ ಪರದೆಗಳು ಅಲುಗಾಡಿದವು. ಯಾರೂ ಮಾತಾಡಿಸಲಿಲ್ಲ. ಶಾಲೆಯ ಗೇಟಿನ ಎದುರು ಕಪ್ಪು ಜಾಕೆಟ್ಟಿನವನು ಬೈಕಿಗೊರಗಿ ನಿಂತಿದ್ದ. ಇವರನ್ನು ನೋಡಿ ಫೋನೆತ್ತಿಕೊಂಡ. ಒಳಗೆ ಅತ್ತೆ, ಸೊಸೆ ಇಬ್ಬರೂ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮತ ಹಾಕಿದರು. ಯಾರಿಗೆ ಹಾಕಿದಿರಿ ಎಂದು ಕೇಳಿದರೆ ನೀರಕ್ಕ ಮೊದಲ ಸಲ ನಗುತ್ತಾರೆ: "ಮನೆಯವರಿಗೇ ಹೇಳಿಲ್ಲ, ಪೇಪರಿಗೆ ಬರೆಯೋ ನಿಮಗೆ ಹೇಳ್ತೀನಾ?"

ವಾಪಸು ಬರುವಾಗ ಶಾಲೆಯ ರಸ್ತೆಯ ತಿರುವಿನಲ್ಲಿ ಗಂಡ ಗೋಡೆ ಹಿಡಿದು ನಿಂತಿದ್ದರು. ಅಷ್ಟು ದೂರ ಅವರು ನಡೆದು ವರ್ಷಗಳಾಗಿದ್ದವು. "ನಾನು ಹಾಕಲ್ಲ" ಎಂದರು, ಯಾರೂ ಕೇಳದೆಯೇ. "ನೀವಿಬ್ರೂ ಇನ್ನೂ ಬರಲಿಲ್ಲವಲ್ಲ ಅಂತ ಬಂದೆ."

ಮರುದಿನ ನಸುಕಿನಲ್ಲಿ ಕೆಳಗಿನ ಗುಂಡಿಯ ಮುಚ್ಚಳದ ಮೇಲೆ ಬೂಟುಗಾಲೊಂದು ಇತ್ತು. "ಬೆರಳು ತೋರಿಸು" ಎಂದ ಕಪ್ಪು ಜಾಕೆಟ್ಟಿನವನು.

ನೀರಕ್ಕ ತೋರಿಸಿದರು. "ನಿಮ್ಮಿಬ್ಬರ ದೆಸೆಯಿಂದ ಓಣಿಗೆಲ್ಲ ನೀರಿಲ್ಲ. ಹೋಗು" ಎಂದ ಅವನು. ಅವರು ಹೋಗಲಿಲ್ಲ. ಧೈರ್ಯದಿಂದಲ್ಲ ಎನ್ನುತ್ತಾರೆ. ಕೀಲಿಯನ್ನೇ ಊರುಗೋಲು ಮಾಡಿಕೊಂಡು ನಿಂತರು. ಹೊತ್ತು ಏರಿತು. ನಲ್ಲಿ ತಿರುಗಿಸಿ ನೋಡಿದವರು ಬಾಗಿಲು ತೆರೆದರು, ಬಕೆಟ್ಟು ಹಿಡಿದು ಹೊರಗೆ ಬಂದರು. ಹಿಂದಿನ ದಿನ ಮನೆಯೊಳಗಿದ್ದ ಅದೇ ಜನ. ದರ್ಜಿಯ ಹೆಂಡತಿ ಮುಂದೆ ಬಂದು, ನೀರಕ್ಕನ ಕಡೆ ನೋಡದೆ, ಅವನನ್ನೇ ಕೇಳಿದಳು: "ನಮ್ಮ ಬೆರಳಲ್ಲಿ ಶಾಯಿ ಇಲ್ಲ. ನಮಗ್ಯಾಕೆ ನೀರಿಲ್ಲ?"

ಅದು ಬೆಂಬಲವೋ ಹೇಡಿತನವೋ ನೀರಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಬಕೆಟ್ಟುಗಳು ಹೆಚ್ಚುತ್ತಲೇ ಹೋದವು. ಕೊನೆಗೆ ಅವನು ಕಾಲು ತೆಗೆದು, "ಇದು ಇಲ್ಲಿಗೆ ಮುಗಿಯಲ್ಲ" ಎಂದು ಬೈಕು ಹತ್ತಿದ. ನೀರಕ್ಕ ವಾಲ್ವು ತೆರೆದರು.

ನಿಜವಾಗಿ ಮುಗಿದಿಲ್ಲ. ಹಿಂದೆ ಗೆದ್ದಿದ್ದವನೇ ಈ ಸಲವೂ ಗೆದ್ದ. ಈ ತಿಂಗಳ ನಂತರ ಕೆಲಸ ಇರುತ್ತದೋ ಇಲ್ಲವೋ ಎಂದು ಕೇಳಿದರೆ ಕಂಟ್ರಾಕ್ಟರು ಮಾತು ಮರೆಸುತ್ತಾನೆ. ಅವರು ನೀರು ಬಿಡಲು ಹೊರಟಾಗ ಗಂಡ ಬಾಗಿಲಲ್ಲೇ ಕೂತಿರುತ್ತಾರೆ, ವಾಪಸು ಬರುವವರೆಗೂ ಒಳಗೆ ಹೋಗುವುದಿಲ್ಲ. ಸರ್ಕಾರದ ಮೇಲೆ ನಂಬಿಕೆ ಬಂದಿದೆಯೇ ಎಂದರೆ, "ಎಲ್ಲಿಂದ ಬರುತ್ತೆ?" ಎಂದು ನೀರಕ್ಕ ನನ್ನನ್ನೇ ಕೇಳುತ್ತಾರೆ.

ಹಾಗಿದ್ದರೆ ಮುಂದಿನ ಸಲ?

ಅವರು ಕೀಲಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಹೋಗ್ತೀನಿ. ಈ ಸಲ ದಾರಿ ಉದ್ದಕ್ಕೂ ತಲೆ ತಗ್ಗಿಸ್ಕೊಂಡೇ ಹೋದೆ, ಏನೂ ನೋಡ್ಲಿಲ್ಲ. ಒಂದು ಸಲ, ಒಂದೇ ಒಂದು ಸಲ, ನಿಧಾನವಾಗಿ ನಡ್ಕೊಂಡು, ಸಿಕ್ಕವರನ್ನ ಮಾತಾಡಿಸ್ಕೊಂಡು ಹೋಗಿ, ಮತ ಹಾಕಿ ಬರಬೇಕು."